ಅತ್ತೆಯ ವಿಮಾನ, ನನ್ನ ಭಾಷಣ

ಗೆದ್ದ ಭಾಷಣಕ್ಕಾಗಿ ನನ್ನಷ್ಟು ಪಶ್ಚಾತ್ತಾಪ ಪಟ್ಟವರು ಗೋಕಾಕ ಸೀಮೆಯಲ್ಲಿ ಬೇರೆ ಯಾರೂ ಇರಲಾರರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಕಲ್ಲೋಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗೋಕಾಕದಲ್ಲಿ ಶಿಕ್ಷಕರಿಗೊಂದು ಚರ್ಚಾಸ್ಪರ್ಧೆ ಇಟ್ಟರು: ‘ವಿಮಾನಯಾನ ಭೂಮಿಗೆ ಭಾರವೇ?’ ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿದ್ದು ಬಿಟ್ಟರೆ ವಿಮಾನಕ್ಕೂ ನನಗೂ ಸಂಬಂಧವಿರಲಿಲ್ಲ. ಹಾಗಾಗಿ ಬೈಯಲು ಯಾವ ಸಂಕೋಚವೂ ಆಗಲಿಲ್ಲ. ಮುಗಿಲಿನಲ್ಲಿ ಸುಡುವ ಎಣ್ಣೆ, ಅದರ ಹೊಗೆ, ಕೆಳಗೆ ಕಾದು ಬಿಸಿಯಾಗುತ್ತಿರುವ ಭೂಮಿ ಎಂದೆಲ್ಲ ಗುಡುಗಿದೆ. ಎದುರು ಪಕ್ಷದಲ್ಲಿದ್ದ ಹುಕ್ಕೇರಿಯ ಪಾಟೀಲ ಸರ್, ಬಿಸಿಲು ಗಾಳಿಯಿಂದ ಕರೆಂಟು ತೆಗೆಯುವ ಕಾಲ ಬಂದಿದೆ, ನಾಳೆ ವಿಮಾನವೂ ಅದರಿಂದಲೇ ಹಾರುತ್ತದೆ ಎಂದರು.

“ಸರ್, ಬಿಸಿಲಿಗೆ ನಮ್ಮನಿ ಜಳಕದ ನೀರು ಕಾಯತಾವ್ರಿ. ಇಷ್ಟು ಮಂದೀನ್ನ ಮ್ಯಾಲ ಎತ್ತೂದು ಬ್ಯಾರೆ ಮಾತು” ಎಂದೆ. ಚಪ್ಪಾಳೆ ಬಿತ್ತು. ಮೊದಲ ಬಹುಮಾನವೂ ಬಂತು.

ಮನೆಗೆ ಬಂದರೆ ನನ್ನವರು ಎರಡು ವಿಮಾನದ ಟಿಕೀಟು ಹಿಡಿದು ನಗುತ್ತ ಕೂತಿದ್ದರು. ಒಂದು ಅತ್ತೆಗೆ, ಇನ್ನೊಂದು ನನಗೆ! ದೂರದ ಬೆಟ್ಟದ ಮೇಲಿರುವ ತೀರ್ಥ ಸಮ್ಮೇದ ಶಿಖರಜಿಯ ದರ್ಶನ ಜೈನ ಮನೆತನದ ನಮ್ಮ ಅತ್ತೆಯ ಜೀವಮಾನದ ಆಸೆ. ಟೊಂಕದ ನೋವಿನಲ್ಲಿ ಎರಡು ದಿನ ರೈಲಿನಲ್ಲಿ ಕೂಡುವುದು ಆಗದ ಮಾತು ಎಂದು ಘಟಪ್ರಭಾದ ಡಾಕ್ಟರು ಹೇಳಿದ್ದರು. ಅದಕ್ಕೇ ಮುಂಬೈಯಿಂದ, ಶಿಖರಜಿಗೆ ಹತ್ತಿರವಾಗುವ ಕೊಲ್ಕತ್ತಕ್ಕೆ ವಿಮಾನ.

ಅತ್ತೆ ಕೇಳಿದ್ದು ಒಂದೇ. “ಇವತ್ತ ಭಾಷಣದಾಗ ಏನಂದೆವ್ವಾ?”

ಹೇಳಿದೆ.

“ಖರೇನ ಅಂದಿ? ಬಹುಮಾನದ ಸಲುವಾಗಿ ಅಂದಿ?”

“ಖರೇನ ರೀ.”

“ಹಂಗಾರ ವಿಮಾನ ಬ್ಯಾಡ.”

ಕುಡಿಯುವ ನೀರನ್ನೂ ಸೂಕ್ಷ್ಮಜೀವಿಗೆ ನೋವಾಗದಂತೆ ಬಟ್ಟೆಯಲ್ಲಿ ಸೋಸುವ ಜೀವ ಅದು. ನನ್ನ ಚಪ್ಪಾಳೆಗೆ ಅತ್ತೆಯ ಶಿಖರಜಿ ಬಲಿಯಾಗುವುದರಲ್ಲಿತ್ತು. ಮರುದಿನದಿಂದ ಅಡಿಗೆ ಮನೆಯಲ್ಲಿ ನಾನು ಪಕ್ಷಾಂತರ ಮಾಡಿದೆ. ಒಲೆಯ ಮುಂದೆ ನಿಂತು ಪಾಟೀಲ ಸರ್ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಸಾಲದೆಂದು ಅವರನ್ನೇ ಕರೆಸಿದೆ. ಹುಕ್ಕೇರಿಯಿಂದ ಸ್ಕೂಟರಿನಲ್ಲಿ ಬಂದ ಅವರು ಚಹಾ ಕುಡಿಯುತ್ತ ಗಾಳಿಯಂತ್ರದ ಮಹಿಮೆ ಶುರುಮಾಡಿದರು.

“ಸರ್, ಗಾಳಿ ನಿಂತ್ರ ವಿಮಾನ ಎಲ್ಲಿ ನಿಲ್ಲತೈತ್ರಿ?” ಎಂದರು ಅತ್ತೆ.

ಸರ್ ಕೆಮ್ಮಿದರು.

“ಇರ್ಲಿ. ಅದು ಮುಂದಿನ ಮಾತು. ನಾ ಹತ್ತೂ ವಿಮಾನ ಹೊಗಿ ಬಿಡತೈತೋ ಇಲ್ಲೋ, ಅಷ್ಟ ಹೇಳ್ರಿ.”

“ಬಿಡತೈತ್ರಿ ಅವ್ವಾರ” ಎಂದು ಸರ್ ಚಹಾದ ಬಶಿ ಕೆಳಗಿಟ್ಟರು.

ಅವರು ಹೋದ ಮೇಲೆ ನನಗೆ ವಾದವೆಲ್ಲ ಬೇಸರವಾಯಿತು. ಅತ್ತೆಯ ಹತ್ತಿರ ಕೂತು, “ತಪ್ಪು ಅನ್ನೂದು ಖರೆ ಐತ್ರಿ. ಆದ್ರ ನಿಮ್ಮ ಟೊಂಕಕ್ಕ ಬ್ಯಾರೆ ದಾರಿ ಇಲ್ಲ. ನೀವು ಶಿಖರಜಿ ನೋಡಬೇಕು ಅನ್ನೂದು ನನ್ನ ಆಸೇನೂ ಐತಿ” ಎಂದೆ.

ಅತ್ತೆ ನನ್ನ ಮುಖ ನೋಡಿದರು. “ಇದು ಮಾತು. ಎಂಟು ದಿನದಿಂದ ಎಲ್ಲಾರೂ ತಪ್ಪ ಇಲ್ಲ, ತಪ್ಪ ಇಲ್ಲ ಅನ್ನಾಕತ್ತಿದ್ರಿ. ತಪ್ಪಂತ ಗೊತ್ತಿದ್ದ ಒಮ್ಮಿ ಹತ್ತತೇನಿ. ಮತ್ತ ಜನ್ಮದಾಗ ಹತ್ತೂದಿಲ್ಲ ಅಂತ ನೇಮ ಮಾಡತೇನಿ.”

ಹೋದೆವು. ವಿಮಾನ ಏರಿದಾಗ ಅತ್ತೆ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಜಪಿಸುತ್ತಿದ್ದರು. ನಾನು ಕಿಟಕಿಯ ಗಾಜಿಗೆ ಮೂಗು ಒತ್ತಿ ಮೋಡ ನೋಡುತ್ತಿದ್ದೆ. ಹಿಂಜಿದ ಅರಳೆಯನ್ನು ಯಾರೋ ಬಯಲ ತುಂಬ ಹರವಿದಂತಿತ್ತು.

“ಚಲೋ ಕಾಣತೈತೇನ?” ಅತ್ತೆ ಒಂದು ಕಣ್ಣು ತೆರೆದಿದ್ದರು.

“ಭಾಳ ಚಲೋ ಕಾಣತೈತ್ರಿ!”

“ನಾ ಅಂತೂ ನೇಮ ಮಾಡೇನಿ. ನೀ?”

ನಾನು ಮತ್ತೆ ಮೋಡಗಳ ಕಡೆ ತಿರುಗಿದೆ. ಅತ್ತೆ ನಕ್ಕು ಜಪ ಮುಂದುವರಿಸಿದರು. ಶಿಖರಜಿಯ ಬೆಟ್ಟವನ್ನು ಡೋಲಿಯಲ್ಲಿ ಏರಿ, ಕಣ್ತುಂಬ ನೋಡಿ ಬಂದರು. ಆಮೇಲೆ ವಿಮಾನ ಹತ್ತಲೇ ಇಲ್ಲ. ವಾಪಸು ಬರುವಾಗಲೂ ಹಟ ಹಿಡಿದು, ಟೊಂಕದ ನೋವು ಸಹಿಸಿಕೊಂಡು, ಮಲಗಿಕೊಂಡೇ ರೈಲಿನಲ್ಲಿ ಬಂದರು.

ನಾನಿನ್ನೂ ನೇಮ ಮಾಡಿಲ್ಲ. ಈಗಲೂ ಯಾರಾದರೂ ಕರೆದರೆ ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಮಾತಾಡುತ್ತೇನೆ; ದನಿ ಮಾತ್ರ ತುಸು ತಗ್ಗಿಸಿ.