ಮೈದಾನದ ಮೊಳೆ ಆರಿಸುವ ಡೈರೆಕ್ಟ್ರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಒಂದು ಹಲಗೆಗೆ ಹಗ್ಗ ಕಟ್ಟಿ, ಮೈದಾನದ ಉದ್ದಕ್ಕೂ ಎಳೆದುಕೊಂಡು ಹೋಗುತ್ತಿದ್ದಾರೆ. ಹಲಗೆಯ ಅಡಿಯಲ್ಲಿ, ಕೆಟ್ಟುಹೋದ ಧ್ವನಿವರ್ಧಕಗಳಿಂದ ಕಿತ್ತ ಅಯಸ್ಕಾಂತಗಳನ್ನು ಸಾಲಾಗಿ ಬಿಗಿಯಲಾಗಿದೆ. ನಾಲ್ಕಾರು ಹೆಜ್ಜೆ ಎಳೆಯುತ್ತಾರೆ, ನಿಲ್ಲುತ್ತಾರೆ, ಹಲಗೆ ಮಗುಚಿ ಅಂಟಿಕೊಂಡದ್ದನ್ನೆಲ್ಲ ಕಿತ್ತು ಸೊಂಟದ ಚೀಲಕ್ಕೆ ಹಾಕುತ್ತಾರೆ. ಮೊಳೆ, ತಂತಿಯ ತುಂಡು, ಬಾಟಲಿಯ ಮುಚ್ಚಳ, ಮತ್ತೆ ಮೊಳೆ. ನಿನ್ನೆ ಇಲ್ಲಿ ಯಾವುದೋ ಸಮಾರಂಭವಿತ್ತು. ಪೆಂಡಾಲು ಬಿಚ್ಚಿದವರು ಬಟ್ಟೆ, ಕಂಬ, ಕುರ್ಚಿಗಳನ್ನು ಜೋಪಾನವಾಗಿ ಒಯ್ದಿದ್ದಾರೆ. ಮೊಳೆಗಳನ್ನು ಮಾತ್ರ ಮಕ್ಕಳ ಪಾದಕ್ಕೆ ಉಳಿಸಿ ಹೋಗಿದ್ದಾರೆ.

"ಚಪ್ಪಲಿ ಬಿಡ್ಬೇಡಿ, ಆ ಕಡೆ ಇನ್ನೂ ನೋಡಿಲ್ಲ," ಎನ್ನುತ್ತಾರೆ ಅವರು, ತಲೆಯೆತ್ತದೆ.

ಇವರು ಮಕ್ಕಳ ಫುಟ್‌ಬಾಲ್ ತರಬೇತಿ ಕೇಂದ್ರದ ನಿರ್ದೇಶಕಿ. ಬೋರ್ಡಿನಲ್ಲಿ ಹಾಗೆಂದೇ ಬರೆದಿದೆ. ಮಕ್ಕಳ ಬಾಯಲ್ಲಿ ಅದು 'ಡೈರೆಕ್ಟ್ರಕ್ಕ' ಆಗಿದೆ. ಬಸ್ಸು ಓಡಿಸುವ ಗಂಡ, "ಡೈರೆಕ್ಟ್ರು ಇವತ್ತು ಊಟಕ್ಕೆ ಬರ್ತಾರೋ, ಇಲ್ಲಾ ಮೀಟಿಂಗೋ?" ಎಂದು ದಿನಾ ಕಾಲೆಳೆಯುತ್ತಾರೆ. ದೂರದ ನೆಂಟರೊಬ್ಬರಂತೂ ಡೈರೆಕ್ಟರ್ ಎಂದರೆ ಸಿನಿಮಾದವರೇ ಇರಬೇಕೆಂದುಕೊಂಡು, ಮಗಳಿಗೊಂದು ಪಾತ್ರ ಕೊಡಿಸಿ ಎಂದು ಫೋನು ಮಾಡಿದ್ದರು. "ಗೋಲ್‌ಕೀಪರ್ ಪಾತ್ರ ಖಾಲಿ ಇದೆ, ಕಳ್ಸಿ ಅಂದೆ. ಆಮೇಲೆ ಆ ಕಡೆಯಿಂದ ಸದ್ದೇ ಇಲ್ಲ," ಎಂದು ಡೈರೆಕ್ಟ್ರಕ್ಕ ನಗುತ್ತಾರೆ.

ಈ ಡೈರೆಕ್ಟರ್‌ಗೆ ಕುರ್ಚಿಯಿಲ್ಲ, ಕೋಣೆಯಿಲ್ಲ. ಇರುವುದು ಮೈದಾನದ ಬದಿಯ ಮೆಟ್ಟಿಲ ಕೆಳಗಿನ ಒಂದು ಗೂಡು. ಚೆಂಡು, ಬಲೆ, ಸುಣ್ಣದ ಡಬ್ಬ, ಗಾಳಿ ಹೊಡೆಯುವ ಪಂಪು ಎಲ್ಲ ಅಲ್ಲೇ. ಹರಿದ ಬಲೆ ಹೊಲಿಯುವವರು ಇವರು. ಸುಣ್ಣದ ಗೆರೆ ಎಳೆಯುವವರು ಇವರು. ನನ್ನ ಮಗನನ್ನು ಮುಂದೆ ಆಡಿಸಿ ಎಂದು ಜಗಳಕ್ಕೆ ಬರುವ ಅಪ್ಪಂದಿರನ್ನು ಸಮಾಧಾನ ಮಾಡುವವರೂ ಇವರೇ. ಮಕ್ಕಳ ಅಭ್ಯಾಸ ಮುಗಿದ ಮೇಲೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಓಡುತ್ತಾರೆ. ಮನೆ ನಡೆಯುವುದು ಆ ಕೆಲಸದಿಂದ. ಅಲ್ಲಿ ಹಗಲೆಲ್ಲ ಹಾಸಿಗೆಯ ಬಟ್ಟೆಗಳನ್ನು ಯಂತ್ರಕ್ಕೆ ತುಂಬಿ ತೆಗೆದು, ಸಂಜೆ ಮನೆಗೆ ಬಂದು ಮಕ್ಕಳ ಜೆರ್ಸಿಗಳನ್ನು ಬಕೆಟ್ಟಿನಲ್ಲಿ ನೆನೆಹಾಕುತ್ತಾರೆ. ಆಸ್ಪತ್ರೆ ಯಂತ್ರದಲ್ಲೇ ಒಗೆಯಬಹುದಲ್ಲ ಎಂದರೆ ನಾಲಿಗೆ ಕಚ್ಚಿಕೊಳ್ಳುತ್ತಾರೆ: "ರೋಗಿಗಳ ಬಟ್ಟೆ ಜೊತೆ ಮಕ್ಕಳ ಬಟ್ಟೆನಾ? ಬಿಡ್ತು ಅನ್ನಿ."

ಮೊದಲು ಇವರು ಮಗಳನ್ನು ಬಿಡಲು ಬರುತ್ತಿದ್ದ ಒಬ್ಬ ತಾಯಿ, ಅಷ್ಟೇ. ಒಂದು ದಿನ ತರಬೇತುದಾರ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಬೇರೆಡೆ ಒಳ್ಳೆಯ ಕೆಲಸ ಸಿಕ್ಕಿ ಹೇಳದೆ ಕೇಳದೆ ಹೋಗಿದ್ದ. ಮಕ್ಕಳು ಮಾತ್ರ ಬೆಳಗ್ಗೆ ಬೆಳಗ್ಗೆ ಬಂದು ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದವು. "ನೋಡೋಕಾಗ್ಲಿಲ್ಲ. ಒಂದು ಸೀಟಿ ತಗೊಂಡು, ಬನ್ರೋ ಓಡೋಣ ಅಂದೆ. ನಿಯಮ ಗಿಯಮ ಎಲ್ಲಾ ಆ ಮಕ್ಕಳೇ ಹೇಳ್ಕೊಟ್ಟಿದ್ದು," ಎನ್ನುತ್ತಾರೆ. ಮಗಳು ಬೆಳೆದು ಆಟ ಬಿಟ್ಟು ದಾದಿಯಾದಳು. ತಾಯಿ ಇಲ್ಲಿಯೇ ಉಳಿದರು.

ಹಲಗೆಯ ಕಥೆ ನಗುವಂಥದ್ದಲ್ಲ. ಕೆಲವು ವರ್ಷಗಳ ಹಿಂದೆ ಪೀಠೋಪಕರಣ ಮೇಳವೊಂದು ಮುಗಿದ ಮಾರನೆಯ ಬೆಳಗ್ಗೆ, ಚಿಗರೆಯಂತೆ ಓಡುತ್ತಿದ್ದ ಹುಡುಗನೊಬ್ಬನ ಬೂಟಿನ ಅಡಿಯನ್ನು ಸೀಳಿಕೊಂಡು ಪೆಂಡಾಲಿನ ಉದ್ದನೆಯ ಮೊಳೆ ಪಾದ ಹೊಕ್ಕಿತು. ಡೈರೆಕ್ಟ್ರಕ್ಕ ಅವನನ್ನು ತೋಳಲ್ಲಿ ಎತ್ತಿಕೊಂಡೇ ಆಸ್ಪತ್ರೆಗೆ ಓಡಿದರು. ಗಾಯ ಮಾಯಿತು. ಆದರೆ ಆ ಓಟ ಮರಳಿ ಬರಲಿಲ್ಲ. ಮೈದಾನ ಸಮಿತಿಯವರು ಅಂದು ಕೊಟ್ಟ ಉತ್ತರ ಏನು ಗೊತ್ತೇ? ಮಕ್ಕಳು ನೋಡಿಕೊಂಡು ಓಡಬೇಕಿತ್ತಂತೆ. ಚೆಂಡಿನ ಮೇಲೆ ಕಣ್ಣಿಟ್ಟು ಓಡುವ ಮಗು ಹುಲ್ಲಿನಲ್ಲಿ ಅಡಗಿದ ಮೊಳೆಯನ್ನು ಯಾವ ಕಣ್ಣಿನಿಂದ ನೋಡಬೇಕೋ, ಆ ಮಹನೀಯರೇ ಬಂದು ಓಡಿ ತೋರಿಸಬೇಕು. ಮೇಳದವರು ಮಾತ್ರ ಮರುವರ್ಷವೂ ಬಂದರು, ಅದೇ ಜಾಗದಲ್ಲಿ ಅಂಥದೇ ಮೊಳೆ ಹೊಡೆದರು. ಹಲಗೆ ಎಳೆಯುವ ಕೆಲಸ ಶುರುವಾದದ್ದು ಹಾಗೆ.

ಮಕ್ಕಳ ಆಟಕ್ಕೆಂದೇ ಬಿಟ್ಟ ಜಾಗ ಇದು. ಗೇಟಿನ ಮೇಲೆ ಹಾಗಂತ ದಪ್ಪಕ್ಷರದಲ್ಲಿ ಬರೆದಿದೆ. ಒಳಗೆ ನೋಡಿದರೆ ಇಂದು ಸನ್ಮಾನ, ನಾಳೆ ಮದುವೆ, ನಾಳಿದ್ದು ರಿಯಾಯಿತಿ ಮಾರಾಟ. ಎಲ್ಲರದ್ದೂ ಮುಗಿದು ಜಾಗ ಉಳಿದರೆ ಮಕ್ಕಳು ಆಡಬೇಕು. ಕೇಳಲು ಹೋದರೆ ಸಮಿತಿಯ ಕಾರ್ಯದರ್ಶಿ, "ಅಮ್ಮಾ, ಮಕ್ಕಳು ಎಲ್ಲಾದ್ರೂ ಆಡ್ಕೋತವೆ. ಸಮಾರಂಭ ಎಲ್ಲಾದ್ರೂ ಮಾಡೋಕಾಗುತ್ತಾ?" ಎಂದು ತಿಪ್ಪೆ ಸಾರಿಸಿ ಕಳಿಸುತ್ತಾರೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಈ ಸಲ ಆದದ್ದು ಇನ್ನೂ ದೊಡ್ಡದು. ಕೇಂದ್ರದ ಹುಡುಗಿಯರ ತಂಡ ಮೊದಲ ಬಾರಿಗೆ ಪಂದ್ಯಾವಳಿಯೊಂದರ ಫೈನಲ್ ತಲುಪಿತ್ತು, ಆ ಪಂದ್ಯವೂ ಸ್ವಂತ ಮೈದಾನದಲ್ಲೇ. ಪಂದ್ಯದ ಹಿಂದಿನ ದಿನ ಮೈದಾನ ಖಾಲಿ ಇರಲಿ ಎಂದು ಡೈರೆಕ್ಟ್ರಕ್ಕ ಸಮಿತಿಯ ಮೂವರ ಬಾಗಿಲು ತಟ್ಟಿದ್ದರು. ಮೂವರೂ ಆಗಲಿ ಎಂದು ತಲೆಯಾಡಿಸಿದರು. ಆ ಹಿಂದಿನ ದಿನವೇ ಅಲ್ಲಿ ದೀಪಾಲಂಕಾರದ ವೇದಿಕೆ ಎದ್ದಿತು, ಅದೇ ಮೂವರಿಗೆ ಅಲ್ಲಿ ಹಾರ ತುರಾಯಿ.

ಫೈನಲ್ ಬೆಳಗ್ಗೆ ಅವರು ಎಂದಿಗಿಂತ ಬೇಗ ಬಂದರು. ಗಂಡನನ್ನೂ ಎಬ್ಬಿಸಿ ಕರೆತಂದರು. ಇಬ್ಬರೂ ಸೇರಿ ಹಲಗೆ ಎಳೆದರು, ಮತ್ತೆ ಅಡ್ಡಡ್ಡ ಎಳೆದರು. ಕೊನೆಯ ಸುತ್ತಿನಲ್ಲಿ ಒಂದು ಮೊಳೆಯೂ ಅಂಟಲಿಲ್ಲ. ಸರಿ ಎಂದು ಮಕ್ಕಳನ್ನು ಒಳಗೆ ಬಿಟ್ಟರು. 'ಗೋಡೆ' ಎಂದು ಎಲ್ಲರೂ ಕರೆಯುವ ಗೋಲ್‌ಕೀಪರ್ ಹುಡುಗಿ ಅಭ್ಯಾಸಕ್ಕೆಂದು ಎಡಕ್ಕೆ ಹಾರಿ ಬಿದ್ದಳು. ಎದ್ದಾಗ ಅವಳ ಕೈಗವಸಿಗೆ ಗಾಜಿನ ಚೂರು ಚುಚ್ಚಿಕೊಂಡಿತ್ತು. ಒಡೆದ ಟ್ಯೂಬ್‌ಲೈಟಿನ ಚೂರು.

"ಕಬ್ಬಿಣ ಹುಡುಕಿ ಹುಡುಕಿ ಗಾಜು ಇರುತ್ತೆ ಅನ್ನೋದೇ ಮರೆತುಬಿಟ್ಟಿದ್ದೆ. ಅಯಸ್ಕಾಂತಕ್ಕೆ ಗಾಜು ಅಂಟುತ್ತಾ? ಅದು ನನ್ನ ತಪ್ಪೇ. ಹುಲ್ಲು ಸರಿಸಿ ನೋಡಿದ್ರೆ ಗೋಲಿನ ಮುಂದೆಲ್ಲಾ ಮಿಣಮಿಣ ಅಂತಿತ್ತು," ಎನ್ನುವಾಗ ಅವರ ದನಿ ತಗ್ಗುತ್ತದೆ.

ಸೀಟಿ ಊದಿ ಎಲ್ಲರನ್ನೂ ಹೊರಗೆ ಕರೆದರು. ಎದುರಾಳಿ ತಂಡವನ್ನೂ ಕರೆದರು. ರೆಫ್ರಿ ನಿಯಮ ಓದಿ ಹೇಳಿದರು: ಮೈದಾನ ಒದಗಿಸಬೇಕಾದ ತಂಡ ಒದಗಿಸದಿದ್ದರೆ ಪಂದ್ಯ ಎದುರಾಳಿಗೆ ಹೋಗುತ್ತದೆ. ಕಾರ್ಯದರ್ಶಿ ಓಡಿಬಂದು, "ಒಂದು ಚೂರು ಗಾಜಿಗೆ ಫೈನಲ್ ಬಿಟ್ಟುಕೊಡ್ತೀರಾ? ಗುಡಿಸಿ ಆಡ್ಸಿ," ಎಂದರು. ಡೈರೆಕ್ಟ್ರಕ್ಕ ಪೊರಕೆಯನ್ನು ಅವರ ಕೈಗೇ ಕೊಟ್ಟರು. "ನೀವು ಗುಡಿಸಿ. ಆಮೇಲೆ ನಿಮ್ಮ ಮೊಮ್ಮಗಳನ್ನ ಕರ್ಕೊಂಡು ಬಂದು ಇಲ್ಲಿ ಹಾರಿ ಬೀಳೋಕೆ ಹೇಳಿ. ಅವಳು ಬಿದ್ದು ಎದ್ರೆ ನಾನು ಆಡಿಸ್ತೀನಿ." ಕಾರ್ಯದರ್ಶಿ ಪೊರಕೆ ಕೆಳಗಿಟ್ಟು ಹೋದರು. ಪಂದ್ಯ ಹೋಯಿತು. ಹುಡುಗಿಯರು ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು.

ಈಗ ತಪ್ಪು ಯಾರದ್ದಾಗಿದೆ ನೋಡಿ. ವೇದಿಕೆ ಹಾಕಿಸಿದವರದ್ದಲ್ಲ, ಮಾತು ಕೊಟ್ಟು ತಪ್ಪಿದವರದ್ದಲ್ಲ. ನಿರ್ದೇಶಕಿಯ ಹಟದಿಂದ ಊರಿನ ಮರ್ಯಾದೆ ಹೋಯಿತು ಎಂದು ಸಮಿತಿ ಹೇಳುತ್ತಿದೆ. ಈ ಭಾನುವಾರದ ಸಭೆಯಲ್ಲಿ, ಮೈದಾನ ಚೆನ್ನಾಗಿಯೇ ಇತ್ತು, ಅವಸರಪಟ್ಟದ್ದು ನಾನು ಎಂದು ಡೈರೆಕ್ಟ್ರಕ್ಕ ಎಲ್ಲರೆದುರು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಗೂಡಿನ ಬೀಗದ ಕೈ ಒಪ್ಪಿಸಿ ಕೇಂದ್ರ ಬಿಡಬೇಕು. ವರ್ಷಗಟ್ಟಲೆ ಬಿಡಿಗಾಸು ಪಡೆಯದೆ ಸಮಿತಿಯವರ ಕಸ ಆರಿಸಿದ ಹೆಂಗಸಿಗೆ ಸಿಗುತ್ತಿರುವ ಬಹುಮಾನ ಇದು. ಹೇಳುವವರಿಗೆ ನಾಚಿಕೆಯಿಲ್ಲ, ಕೇಳುವವರಿಗೂ ಇಲ್ಲ ಎನ್ನುವಂತಾಗಿದೆ.

'ಗೋಡೆ' ಆ ದಿನದಿಂದ ಅಭ್ಯಾಸಕ್ಕೆ ಬಂದರೂ ಎಲ್ಲರಿಂದ ದೂರ ಒಬ್ಬಳೇ ಕೂರುತ್ತಾಳೆ. ಅಕ್ಕನ ಮೇಲೆ ಮುನಿಸೇ ಎಂದು ಕೇಳಿದರೆ ಬೂಟಿನ ದಾರ ಬಿಗಿಯುತ್ತಾ ಹೇಳುತ್ತಾಳೆ: "ಸಿಟ್ಟಿದೆ, ತುಂಬಾ ಇದೆ. ಅಕ್ಕನ ಮೇಲಲ್ಲ. ಭಾನುವಾರ ನಾವೂ ಸಭೆಗೆ ಹೋಗ್ತೀವಿ. ಅಕ್ಕಂಗೆ ಹೇಳ್ಬೇಡಿ, ಬೇಡ ಅಂತಾರೆ."

ಡೈರೆಕ್ಟ್ರಕ್ಕನ ಆಸೆ ಬಲು ಸಣ್ಣದು. ಹೊಸ ಕ್ರೀಡಾಂಗಣ ಬೇಡ, ಸನ್ಮಾನವಂತೂ ಬೇಡವೇ ಬೇಡ. ಪಂದ್ಯದ ಹಿಂದಿನ ದಿನ ಮೈದಾನ ಮಕ್ಕಳಿಗಿರಲಿ ಎಂಬ ಒಂದು ಮಾತನ್ನು ಸಮಿತಿ ನಡೆಸಿಕೊಟ್ಟರೆ ಸಾಕು. ಸಭೆಯಲ್ಲಿ ಏನು ಹೇಳುತ್ತೀರಿ ಎಂದು ಕೇಳಿದಾಗ ಅವರು ಕೈ ಒರೆಸಿಕೊಳ್ಳುತ್ತಾರೆ. ಆಸ್ಪತ್ರೆಗೆ ಹೊತ್ತಾಗುತ್ತಿದೆ.

"ಸೋತಿದ್ದು ನನ್ನಿಂದಾನೇ ಅಂತ ಹೇಳ್ತೀನಿ. ಅದಕ್ಕೇನು ಸಂಕೋಚ? ಮೈದಾನ ಚೆನ್ನಾಗಿತ್ತು ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ. ಬೀಗದ ಕೈ ಬೇಕಂದ್ರೆ ತಗೊಳ್ಳಲಿ. ಅವತ್ತು ನನ್ನ ಮಕ್ಕಳೆಲ್ಲಾ ಅಳ್ತಾ ಅಳ್ತಾ ಮನೆಗೆ ಹೋದ್ರು. ಆದ್ರೆ ಎಲ್ಲಾ ಮಕ್ಕಳೂ ನಡ್ಕೊಂಡೇ ಹೋದ್ರು."