ಬಾವುಟದ ಮೂಲೆಗೆ ಅರಿಶಿನ

ಮೊಮ್ಮಗಳ ಸ್ಕೂಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಾವುಟ ಹಂಚಿದ್ದರು. ಇವಳ ಪಾಲಿಗೆ ಬಂದದ್ದು ಅಮೆರಿಕದ ಕೈಕೆಳಗಿರುವ ವರ್ಜಿನ್ ದ್ವೀಪಗಳದ್ದು. ಬಟ್ಟೆಯ ಮೇಲೆ ಮಾಡಿ ತಂದು, ಕ್ಲಾಸಿನ ಮುಂದೆ ಹಿಡಿದು ನಿಂತು ಕಥೆ ಹೇಳಬೇಕಂತೆ. ಕಥೆ ಅವಳದು, ಬಟ್ಟೆ ನನ್ನ ತಲೆಗೆ. ಅಮೆರಿಕದ ಅರೋರಾ ಊರಿನಲ್ಲಿರುವ ಮಗಳ ಈ ಮನೆಯಲ್ಲಿ ಸೂಜಿ ಹಿಡಿಯುವವಳು ನಾನೊಬ್ಬಳೇ. ಕಣ್ಣು ಮಂಜು, ಕುತ್ತಿಗೆ ನೋವು, ಕೇಳುವವರು ಯಾರು?

ಬಿಳಿ ಬಟ್ಟೆ. ನಡುವೆ ಹಳದಿ ಹದ್ದು, ಅದರ ಎದೆಗೊಂದು ಗುರಾಣಿ, ಒಂದು ಕಾಲಲ್ಲಿ ಎಲೆಕೊಂಬೆ, ಇನ್ನೊಂದರಲ್ಲಿ ಮೂರು ನೀಲಿ ಬಾಣ, ಅಕ್ಕಪಕ್ಕ ಎರಡು ಇಂಗ್ಲಿಷ್ ಅಕ್ಷರ. ನಾನು ಹೊಲಿಯುತ್ತಿದ್ದರೆ ಅವಳು ಕಥೆ ಒಪ್ಪಿಸುತ್ತಿದ್ದಳು. ದ್ವೀಪಗಳನ್ನು ಅಮೆರಿಕ ಡೆನ್ಮಾರ್ಕಿನವರಿಂದ ಕೊಂಡುಕೊಂಡಿತಂತೆ. ಬಾಣ ಮೂರು, ದೊಡ್ಡ ದ್ವೀಪ ಮೂರು.

"ಒಬ್ಬ ಕಾರ್ಟೂನಿಸ್ಟ್ ಪೇಪರ್ ಮೇಲೆ ಡ್ರಾ ಮಾಡಿದ, ಅಜ್ಜಿ. ಆಮೇಲೆ ಅವನ ವೈಫು, ವೈಫ್‌ನ ಸಿಸ್ಟರು ಎಂಬ್ರಾಯ್ಡರಿ ಮಾಡಿದ್ರು."

"ಗೀಚೋದು ಗಂಡಸು, ಕಣ್ಣು ಕಳ್ಕೊಳ್ಳೋದು ಹೆಂಗಸ್ರು. ಅಲ್ಲೂ ಅಷ್ಟೇನಾ?"

"ದಟ್ಸ್ ನಾಟ್ ಇನ್ ಮೈ ರಿಪೋರ್ಟ್."

"ಬರ್ಕೋ ಹಾಗಾದ್ರೆ."

ಒಯ್ಯುವ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದೆ. ನಮ್ಮಲ್ಲಿ ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ಯಾರೂ ಉಡುವುದಿಲ್ಲ. ಕೈ ತಾನಾಗಿ ಹೋಯಿತು, ಬಾವುಟದ ಕೆಳಮೂಲೆಗೆ ಹಚ್ಚಿದೆ.

"ಅಜ್ಜೀ! ಇಟ್ಸ್ ಅ ಫ್ಲ್ಯಾಗ್! ಸೀರೆ ಅಲ್ಲ!" ಹುಡುಗಿ ಅಳತೊಡಗಿದಳು.

ಮಗಳು ಓಡಿಬಂದು, ನಾನು ಬೇಡ ಎನ್ನುವುದರೊಳಗೆ ಸೋಪು ಹಾಕಿ ಉಜ್ಜಿದಳು. ಅರಿಶಿನಕ್ಕೆ ಸೋಪು ತಾಗಿದರೆ ಬಿಡುತ್ತದೆಯೇ? ಕೆಂಪಾಯಿತು. ಉಜ್ಜಿದಷ್ಟೂ ಹರಡಿ ಬಾಣಗಳ ಹತ್ತಿರಕ್ಕೇ ಬಂತು.

"ಏನಮ್ಮಾ ನೀನು, ಎಲ್ಲದಕ್ಕೂ ಅರಿಶಿನ!"

"ನಿನ್ನ ಮದುವೆ ಸೀರೆಗೂ ಹಚ್ಚಿದ್ದೆ. ಆಗ ಬಾಯಿ ಬಿಡ್ಲಿಲ್ಲ."

ಕೂದಲು ಒಣಗಿಸುವ ಮೆಷಿನ್ನಿನಿಂದ ಬಟ್ಟೆ ಒಣಗಿಸಿದರು. ಕಲೆ ಹೋಗಲಿಲ್ಲ. ಕೆಳಗಿನ ಅಂಚನ್ನೇ ಕತ್ತರಿಸೋಣವೆಂದು ನಾನು ಕತ್ತರಿ ತೆಗೆದೆ.

"ಬೇಡ ಅಜ್ಜಿ! ಬಾಣ ಕಟ್ ಆಗತ್ತೆ. ಒಂದು ಹೋದ್ರೆ ಒಂದು ಐಲ್ಯಾಂಡೇ ಹೋದಂಗೆ."

ಅದೂ ಸರಿಯೇ. ಅಂಚನ್ನು ಬಾಣದ ತುದಿಯವರೆಗೆ ಒಳಕ್ಕೆ ಮಡಚಿ ಹೊಲಿದೆ. ಬಾವುಟ ಗಿಡ್ಡವಾಯಿತು, ಹದ್ದು ನೆಲಕ್ಕೆ ಕೂತ ಹಾಗೆ ಕಂಡಿತು. ಮಗಳು ಗ್ಯಾರೇಜಿನಲ್ಲಿ ಹಾರ್ನ್ ಮಾಡುತ್ತಿದ್ದಳು. ಹುಡುಗಿ ಬಟ್ಟೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

"ಓಕೆ. ಮೂರೂ ಇವೆ."

"ಇವೆಯಲ್ಲ, ಹೋಗು. ಕೇಳಿದ್ರೆ ನಮ್ಮಜ್ಜಿ ಕೆಲ್ಸ ಅನ್ನು."

ಮೂಗು ಒರೆಸಿಕೊಂಡು ಹೋದಳು. ನಾನು ಕಾಫಿ ಕೂಡ ಕುಡಿಯದೆ ಮಲಗಿದೆ.