ಎರಡು ಸಲ ಕುದಿಸಿದ ಹಾಲು

ಹೆರಿಗೆಯ ನಂತರ ನಂಜಾಗಿ ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ನನ್ನ ಎದೆಹಾಲು ಬತ್ತಿಹೋಗಿತ್ತು. ಮಗಳಿಗೆ ಹೊಸನಗರದಿಂದ ತಂದ ಡಬ್ಬಿಯ ಹಾಲಿನಪುಡಿಯೇ ಗತಿಯಾಯಿತು. ಮನೆಗೆ ಬಂದರೂ ನನಗೆ ನಿಲ್ಲಲು ತ್ರಾಣವಿರಲಿಲ್ಲ. ಹಾಲು ಕಲಸಿ ಕುಡಿಸುವುದನ್ನು ಅತ್ತೆಯೇ ನೋಡಿಕೊಂಡರು. ಕುದಿಸಿದ ನೀರಿಗೆ ಪುಡಿ ಹಾಕಿದ ಮೇಲೂ ಅವರಿಗೆ ಧೈರ್ಯ ಸಾಲದು. ಮತ್ತೆ ಒಲೆಗಿಟ್ಟು ಉಕ್ಕು ಬರಿಸುತ್ತಿದ್ದರು. ಅವರ ಚೊಚ್ಚಲ ಮಗು ಹಸಿಹಾಲು ಕುಡಿದು ಭೇದಿಯಾಗಿ ತೀರಿಕೊಂಡಿತ್ತು.

"ಚೆನ್ನಾಗಿ ಕಾದ ಹಾಲು ಯಾರಿಗೂ ಕೇಡು ಮಾಡಲ್ಲ ಕಣೆ" ಎನ್ನುತ್ತಿದ್ದರು.

ಮಗಳು ಕುಡಿದದ್ದನ್ನೆಲ್ಲ ಕಕ್ಕತೊಡಗಿದಳು. ಕಾಲು ಮಡಚಿಕೊಂಡು ಚೀರುತ್ತಿದ್ದಳು. ಮೂರನೇ ತಿಂಗಳಲ್ಲಿ ಒಂದು ಬೆಳಗ್ಗೆ ಬಟ್ಟೆ ಬದಲಿಸುವಾಗ ಲೋಳೆಯ ಜೊತೆ ರಕ್ತ ಕಂಡಿತು. ನನಗೆ ಬುದ್ಧಿ ಕೆಟ್ಟಿತು.

"ಕುದಿಸಿ ಕುದಿಸಿ ಹಾಲನ್ನ ವಿಷ ಮಾಡಿದ್ರಿ! ನಿಮ್ಮ ಮಗು ಹೋಗಿದ್ದು ಸಾಲ್ದಾ, ನಂದೂ ಹೋಗ್ಬೇಕಾ?"

ಅತ್ತೆ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕಿಟ್ಟು ಹಿತ್ತಲಿಗೆ ಹೋದರು.

ಸಾಗರದ ಮಕ್ಕಳ ಡಾಕ್ಟರು ಎಲ್ಲ ಕೇಳಿಸಿಕೊಂಡರು. "ಕುದಿಸಿದ್ದಕ್ಕೆ ರಕ್ತ ಬಂದಿದ್ದಲ್ಲಮ್ಮ. ಹಸುವಿನ ಹಾಲಿನ ಪ್ರೋಟೀನೇ ಈ ಮಗುಗೆ ಆಗಲ್ಲ. ಪುಡಿ ಮಾಡುವಾಗಲೇ ಫ್ಯಾಕ್ಟರಿಯಲ್ಲಿ ಹಾಲನ್ನ ಕಾಯಿಸಿರ್ತಾರೆ. ಕೆಲವು ಪ್ರೋಟೀನು ಕಾವಿಗೆ ರೂಪ ಬದಲಿಸ್ತವೆ, ಮುಖ್ಯವಾದದ್ದು ಎಷ್ಟು ಕುದಿಸಿದ್ರೂ ಹೆಚ್ಚುಕಡಿಮೆ ಹಾಗೇ ಉಳಿಯುತ್ತೆ. ಎರಡನೇ ಸಲ ಕುದಿಸೋದು ಬೇಡ, ಜೀವಸತ್ವ ಹಾಳಾಗುತ್ತೆ. ಆದ್ರೆ ನಿಮ್ಮತ್ತೆ ಕುದಿಸದೇ ಇದ್ದಿದ್ರೂ ಹೀಗೇ ಆಗ್ತಿತ್ತು."

ಪ್ರೋಟೀನನ್ನು ಮೊದಲೇ ಚೂರುಚೂರು ಮಾಡಿದ ಬೇರೆ ಪುಡಿ ಬರೆದುಕೊಟ್ಟರು. ಕಹಿವಾಸನೆಯ ಆ ಹಾಲನ್ನು ಮಗಳು ಮೊದಲೆರಡು ದಿನ ಉಗುಳಿದಳು, ಮೂರನೇ ದಿನ ಕುಡಿದಳು. ಎರಡು ವಾರದಲ್ಲಿ ರಕ್ತ ನಿಂತಿತು.

ಸಾಗರದಿಂದ ಮನೆಗೆ ಬಂದ ದಿನವೇ ಅತ್ತೆಯ ಮುಂದೆ ಕೂತು ಡಾಕ್ಟರ ಮಾತನ್ನೆಲ್ಲ ಹೇಳಿದ್ದೆ. ತಪ್ಪಾಯಿತು ಎಂದಿದ್ದೆ.

"ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಇರ್ಲಿ ಬಿಡು" ಎಂದಿದ್ದರು.

ಆಮೇಲೆ ಅವರು ಮಗುವನ್ನು ಎತ್ತಿಕೊಳ್ಳಲಿಲ್ಲ. ನಾನೇ ಅವರ ತೊಡೆಯ ಮೇಲೆ ಕೂರಿಸಿದರೆ ಕೈಯೆರಡನ್ನೂ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದರು. ಮಗಳು ಹೆಜ್ಜೆಯಿಡುವ ಹೊತ್ತಿಗೆ ಅತ್ತೆಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಅವರು ತೀರಿಕೊಳ್ಳುವವರೆಗೆ ನಾಲ್ಕು ತಿಂಗಳು ನಾನೇ ಚಮಚದಲ್ಲಿ ಗಂಜಿ ಕುಡಿಸಿದೆ. ಡಾಕ್ಟರು ಹೇಳಿದ್ದನ್ನು ಅವರ ಕಿವಿಯ ಹತ್ತಿರ ಇನ್ನೆಷ್ಟೋ ಸಲ ಹೇಳಿದೆ. ಅವರು ನಂಬಿದರೋ ಇಲ್ಲವೋ ನನಗೆ ಕೊನೆಗೂ ತಿಳಿಯಲಿಲ್ಲ.